ಶಿವಡಿ ದಂಡಿಗೆ ಹೊಸಾ ನೀರು

ಆಂಟಾಪ್ ಹಿಲ್, ಮಂಗಳವಾರ

ಮಲ್ಲಕ್ಕಗ ತಂಗಿ ಫಕೀರವ್ವನ ಶರಣು.

ತಮ್ಮ ದೇವಾನಂದ ಇರೂ ಈ ಮುಂಬೈ ನಡುಗಡ್ಡ್ಯಾಗ ಫುಕಟ್ ನೋಡೂವಂಥಾದ್ದು ಭಾಳ ಐತಿ. ನಿನ್ನೆ ಅವನ ಮಗಳು ನಿಶಾ ಶಿವಡಿ ಸಮುದ್ರಕ್ಕ ಕರಕೊಂಡು ಹೋಗಿದ್ದಳು. ಹೋಗಿ ನೋಡಿದ್ರ ಸಮುದ್ರಾನ ಇಲ್ಲ! ಕಣ್ಣು ಹಾಯೂತನಕ ಬರೇ ಕೆಸರು, ಅದರಾಗ ಉದ್ದ ಕಾಲಿನ ಗುಲಾಬಿ ಹಕ್ಕಿ ಸಾವಿರಗಟ್ಟಲೆ. ನಮ್ಮ ಹೊಳಿಯಂಗ ಇದೂ ಬತ್ತೇತಿ ಅಂದ್ಕೊಂಡೆ. ಅಲ್ಲೇ ರೊಟ್ಟಿ ತಿಂದು, ಎಲಿ ಅಡಕಿ ಹಾಕಿ, ಒಂದು ನಿದ್ದಿ ತಗದು ಏಳೂದರಾಗ ನೀರು ಏರಿ ಕಟ್ಟಿಗೆ ಬಡ್ಯಾಕಹತ್ತಿತ್ತು! ಹೊಸಾ ನೀರು ಬಂದಾಗ ಸುಮ್ನ ಕುಂಡ್ರಾಕ ಆಗತೈತೇನು? ಅರಿಷಿಣ ಕುಂಕುಮ ಏರಿಸಿ, ಚೀಲದಾಗಿನ ಕುಬಸದ ಖಣ ತಗದು ನೀರಾಗ ಬಿಟ್ಟು ಗಂಗವ್ವಗ ಉಡಿ ತುಂಬಿದೆ. ನಿಶಾ ಬಿದ್ದು ಬಿದ್ದು ನಕ್ಕು, "ಅತ್ತಿ, ಯೇ ತೋ ದಿನಾ ದೋ ಬಾರ್ ಬರತೈತಿ" ಅಂದಳು.

ಮೊಣಕಾಲು ಬ್ಯಾನಿ ಕಡಿಮಿ ಐತಿ, ಹಚ್ಚೂ ಎಣ್ಣಿ ಮುಗದೈತಿ.

ಆ ಖಣ, ನೀ ತಮ್ಮನ ಹೆಂಡತಿ ಶಿವಕುಮಾರಿಗೆ ಅಂತ ಕೊಟ್ಟಿದ್ದು. ಅಕಿಗೆ ಇನ್ನೂ ಗೊತ್ತಿಲ್ಲ. ಲಗೂನ ಇನ್ನೊಂದು ಕಳಸು. ನನ್ನ ಹೆಸರಿಗೆ ಬ್ಯಾಡ, ಅಕಿ ಹೆಸರಿಗೇ ಹಾಕು. ಇಲ್ಲೆ ದಿನಕ್ಕೆರಡು ಸಲ ಹೊಸಾ ನೀರು ಬರತೈತಿ, ನನ್ನ ಕೈ ಸುಮ್ನ ಇರೂದಿಲ್ಲ.