ಐದಕ್ಕೆ ಸೊನ್ನೆ ಬಿದ್ದ ಆಯಿ

ಸೋಲಾಪುರದ ಒಂದು ಇಂಗ್ಲಿಷ್ ಮಾಧ್ಯಮ ಶಾಲೆಯ ಮುಖ್ಯಾಧ್ಯಾಪಕರಿಗೆ,

ಮಾನ್ಯರೇ, ನನ್ನ ಮೊಮ್ಮಗಳನ್ನು ಐದನೇ ಇಯತ್ತೆಯ ಬೆಂಚಿನಿಂದ ಎಬ್ಬಿಸಿ. ಅವಳು ಓದುತ್ತಿರುವುದು ಒಂಬತ್ತನೇ ಇಯತ್ತೆ. ಮರಾಠಿ ತಾಸಿನ ಗಂಟೆ ಬಾರಿಸಿದ ಕೂಡಲೇ ಪುಸ್ತಕ ಎತ್ತಿಕೊಂಡು, ಗೆಳತಿಯರೆಲ್ಲ ನೋಡುತ್ತಿರುವಾಗಲೇ ಮೆಟ್ಟಿಲಿಳಿದು ಹೋಗಿ, ಹತ್ತು ವರ್ಷದ ಮಕ್ಕಳ ನಡುವೆ ಮೊಣಕಾಲು ಮಡಚಿ ಕೂರುತ್ತಾಳೆ. ಆ ಮಕ್ಕಳು ಅವಳನ್ನು ‘ತಾಈ’ ಎನ್ನುತ್ತವಂತೆ. ಮರಾಠಿಯಲ್ಲಿ ಅದಕ್ಕೆ ಅಕ್ಕ ಎಂದು ಅರ್ಥ. ನಮ್ಮ ಕಿವಿಗೆ ಮಾತ್ರ ಅದು ತಾಯಿ. ಹದಿನಾಲ್ಕು ವರ್ಷಕ್ಕೇ ಅವಳನ್ನು ಮೂವತ್ತು ಮಕ್ಕಳ ತಾಯಿ ಮಾಡಿದ್ದೀರಿ. ತಮ್ಮ ಶಾಲೆಯಲ್ಲಿ ಬಡ್ತಿ ಎಷ್ಟು ಬೇಗ ಸಿಗುತ್ತದೆ ನೋಡಿ.

ನಾನು ಗಂಗುಬಾಯಿ, ಅಕ್ಕಲಕೋಟ ತಾಲೂಕಿನ ಮೈಂದರ್ಗಿಯವಳು. ಅಲ್ಲಿನ ಕನ್ನಡ ಸಾಲಿಯಲ್ಲಿ ಮೂರನೇ ಇಯತ್ತೆಯವರೆಗೆ ಕಲಿತೆ. ಹೋದ ವಾರ ತಮ್ಮ ಕಚೇರಿಗೆ ಬಂದಿದ್ದೆ. ಅಲ್ಲಿನ ಕಾರಕೂನರು ಅರ್ಜಿಯನ್ನು ಮರಾಠಿಯಲ್ಲಿ ಬರೆದು ತರಲು ಹೇಳಿದರು. ಮರಾಠಿ ಬರೆಯಲು ಬಾರದೆ ಆದ ತೊಂದರೆಯನ್ನು ಮರಾಠಿಯಲ್ಲೇ ಬರೆದು ತರಬೇಕೆಂದರೆ ಎಂಥ ಸೊಗಸಾದ ನಿಯಮ. ಅದಕ್ಕೇ ಈ ಕನ್ನಡ ಪತ್ರಿಕೆಯಲ್ಲಿ ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ನಿಮಗೆ ಕನ್ನಡ ಬರುವುದಿಲ್ಲವೆಂದು ಗೊತ್ತು. ಬಾರದ ಅಕ್ಷರದ ಮುಂದೆ ಕೂತರೆ ಹೇಗಿರುತ್ತದೆ ಎಂದು ಒಂದು ಗಳಿಗೆ ನೋಡಿ. ಹೆದರಬೇಡಿ, ನಾನು ಸೊನ್ನೆ ಕೊಡುವುದಿಲ್ಲ.

ನನ್ನ ಮಗ ಧನರಾಜ ಹದಿನೈದು ವರ್ಷ ಗಡಿಯಾಚೆ ಇಂಡಿ ತಾಲೂಕಿನ ಸಕ್ಕರೆ ಕಾರ್ಖಾನೆಯಲ್ಲಿದ್ದ. ಅವನ ಮಗಳು ಸ್ನೇಹಲ ಎಂಟನೆಯವರೆಗೆ ಓದಿದ್ದು ಅಲ್ಲಿಯೇ. ಅದೂ ಇಂಗ್ಲಿಷ್ ಮಾಧ್ಯಮ, ಕಡ್ಡಾಯ ಭಾಷೆ ಕನ್ನಡ. ಈ ಜೂನಿನಲ್ಲಿ ಮಗನಿಗೆ ಸೋಲಾಪುರದ ಚಾದರ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತು. ಟಿ.ಸಿ. ತಂದೆವು. ಗಣಿತದ ಅಂಕ ನೋಡಿ ತಾವೇ ‘ಹುಶಾರ್ ಹುಡುಗಿ’ ಎಂದು ಸೇರಿಸಿಕೊಂಡಿರಿ. ಇಲ್ಲಿ ಮರಾಠಿ ಕಡ್ಡಾಯ. ಕಲಿಯುವುದು ಬೇಡವೆಂದು ನಾನು ಅನ್ನುವುದಿಲ್ಲ. ಈ ಊರಿನ ನೀರು ಕುಡಿದ ಮೇಲೆ ಈ ಊರಿನ ಮಾತು ಬರಬೇಕು. ಆದರೆ ಎಂಟು ವರ್ಷ ಮರಾಠಿ ಓದಿದವರಿಗೂ, ಬಂದು ಇಪ್ಪತ್ತು ದಿನವಾದವಳಿಗೂ ಒಂದೇ ಪ್ರಶ್ನೆಪತ್ರಿಕೆ ಕೊಟ್ಟು, ಬಿದ್ದವಳನ್ನು ಕೆಳಗಿನ ವರ್ಗಕ್ಕೆ ಕಳಿಸುವುದು ಯಾವ ಸೀಮೆಯ ಶಿಕ್ಷಣ?

ಪರೀಕ್ಷೆಯಲ್ಲಿ ಐದು ಅಂಕಕ್ಕೆ ನಿಬಂಧವಿತ್ತು. ವಿಷಯ ‘ಮಾಝೀ ಆಈ’. ಮರಾಠಿಯಲ್ಲಿ ಅದರರ್ಥ ನನ್ನ ತಾಯಿ. ನಮ್ಮ ಕಡೆಯ ಕನ್ನಡದಲ್ಲಿ ಆಯಿ ಎಂದರೆ ಅಜ್ಜಿ. ನನ್ನ ಹುಡುಗಿ ನನ್ನ ಮೇಲೆ ಬರೆದಳು. ಉತ್ತರಪತ್ರಿಕೆ ಸಹಿಗಾಗಿ ಮನೆಗೆ ಬಂದಾಗ, ತಲೆಯ ಮೇಲೆ ಗೆರೆ ಎಳೆದ ಆ ಅಕ್ಷರಗಳನ್ನು ಅವಳು ಒಂದೊಂದೇ ಸಾಲು ಕನ್ನಡಕ್ಕೆ ತಿರುಗಿಸಿ ನನಗೆ ಹೇಳಿದಳು: ‘ನನ್ನ ಆಯಿಗೆ ಎಪ್ಪತ್ತೆರಡು ವರ್ಷ. ಬಾಯಲ್ಲಿ ಐದು ಹಲ್ಲು. ಆಯಿ ಬೈದರೆ ಓಣಿಯೆಲ್ಲ ಸುಮ್ಮನಾಗುತ್ತದೆ. ನನಗೆ ಜ್ವರ ಬಂದರೆ ಆಯಿ ಔಷಧವನ್ನು ಮೊದಲು ತಾನು ನೆಕ್ಕಿ ನೋಡುತ್ತಾಳೆ.’

ನಿಮ್ಮಲ್ಲಿ ಮರಾಠಿ ಕಲಿಸುವ ಬಾಯಿಯವರು ಇದನ್ನು ವರ್ಗದಲ್ಲಿ ಗಟ್ಟಿಯಾಗಿ ಓದಿ, ‘ಎಪ್ಪತ್ತೆರಡು ವರ್ಷದ ತಾಯಿಯೇ?’ ಎಂದು ಕೇಳಿದರಂತೆ. ವರ್ಗವೆಲ್ಲ ನಕ್ಕಿತಂತೆ. ಐದಕ್ಕೆ ಸೊನ್ನೆ, ಇಪ್ಪತ್ತಕ್ಕೆ ನಾಲ್ಕು. ಪಾಸಾಗಲು ಏಳು ಬೇಕಿತ್ತು. ನಿಬಂಧಕ್ಕೆ ಮೂರು ಹಾಕಿದ್ದರೆ ಅವಳು ತನ್ನ ಬೆಂಚಿನಲ್ಲೇ ಇರುತ್ತಿದ್ದಳು. ನಕ್ಕವರಲ್ಲಿ ಹೆತ್ತವಳನ್ನು ಆಈ ಎನ್ನುವವರು ಎಷ್ಟು ಮಂದಿ? ಎಲ್ಲರೂ ಮಮ್ಮಿ ಎನ್ನುವವರೇ. ಆ ಪದವನ್ನು ಬಾಯಿ ತುಂಬ ಬಳಸುತ್ತಿದ್ದವಳು ಇಡೀ ವರ್ಗದಲ್ಲಿ ನಮ್ಮವಳೊಬ್ಬಳೇ.

ಬಳಸುತ್ತಿದ್ದಳು ಎಂದೆ. ಈಗ ಇಲ್ಲ. ಪಕ್ಕದ ಮನೆಯಲ್ಲಿ ಸಾವಿತ್ರಿಬಾಯಿ ಎಂಬವರಿದ್ದಾರೆ. ನನ್ನದೇ ವಯಸ್ಸು, ಮರಾಠಿಯವರು, ಮ್ಯಾಟ್ರಿಕ್ ಪಾಸು, ಬಾಯಲ್ಲಿ ಎಲ್ಲ ಹಲ್ಲೂ ಇವೆ. ಶಾಲೆ ಸೇರಿದ ವಾರದಿಂದಲೇ ಹುಡುಗಿ ಸಂಜೆ ಆರಕ್ಕೆ ಅವರ ಮನೆಗೆ ಪಾಠಕ್ಕೆ ಹೋಗುತ್ತಾಳೆ. ನಾನು ಮಗನ ಮನೆ ಸೇರಿದಂದಿನಿಂದ ಅದು ಅವಳ ತಲೆ ಬಾಚುತ್ತಿದ್ದ ಹೊತ್ತು. ಬಾಚುವುದೂ ಈಗ ಅಲ್ಲಿಯೇ. ನಾನು ಶೇಂಗಾ ಹೋಳಿಗೆ ಮಾಡಿ ಕಾದರೆ, "ಹೊಟ್ಟಿ ತುಂಬ್ಯದ, ಅಲ್ಲಿ ಚಿವಡಾ ತಿಂದೆ" ಎನ್ನುತ್ತಾಳೆ. ಸಾವಿತ್ರಿಬಾಯಿ ಅದೇ ನಿಬಂಧವನ್ನು ಅವಳ ತಾಯಿಯ ಮೇಲೆ ಮತ್ತೆ ಬರೆಸಿದರು. ‘ನನ್ನ ತಾಯಿ ಸೂರ್ಯನಿಗಿಂತ ಮೊದಲು ಏಳುತ್ತಾಳೆ’ ಎಂದು ಶುರು. ನನ್ನ ಸೊಸೆ ರೂಪಾಲಿ ಒಳ್ಳೆಯವಳು, ಆದರೆ ಅವಳು ಏಳುವಷ್ಟರಲ್ಲಿ ಸೂರ್ಯ ನನ್ನ ಜೊತೆ ಎರಡು ಸಲ ಚಹಾ ಕುಡಿದಿರುತ್ತಾನೆ. ಆ ಸುಳ್ಳಿಗೆ ನಿಮ್ಮ ಬಾಯಿಯವರು ಕೆಂಪು ಶಾಯಿಯಲ್ಲಿ ‘ಛಾನ್’, ಅಂದರೆ ಬಲು ಚೆಂದ, ಎಂದು ಬರೆದರು. ನನ್ನ ಐದು ಹಲ್ಲಿನ ನಿಜಕ್ಕೆ ಸೊನ್ನೆ.

ಅಂದಿನಿಂದ ಮೊಮ್ಮಗಳು ನನ್ನನ್ನು ಮರಾಠಿಯವರು ಅಜ್ಜಿಗೆ ಅನ್ನುವ ಹಾಗೆ ‘ಆಜಿ’ ಎನ್ನುತ್ತಾಳೆ.

"ಯಾಕವ್ವಾ, ಆಯಿ ಅನ್ನಾಕ ಬಾಯಿ ನೋಯ್ತದೇನು?" ಎಂದು ಕೇಳಿದೆ.

"ಹಂಗಲ್ಲ ಆಜಿ. ಮತ್ತ ತಪ್ಪಬಾರದಂತ ರೂಢಿ ಮಾಡ್ಕೊಳಾಕತ್ತೀನಿ."

ಸಾವಿತ್ರಿಬಾಯಿಯೂ ಆಜಿ, ನಾನೂ ಆಜಿ. ಅಂಗಳದಲ್ಲಿ ನಿಂತು ಕರೆದರೆ ಎರಡು ಮನೆಯಿಂದ ಓ ಎನ್ನುತ್ತೇವೆ. ಅವಳು ತಿರುಗುವುದು ಆ ಕಡೆ. ನನಗೆ ಹೊಟ್ಟೆಕಿಚ್ಚು, ಮಾನ್ಯರೇ. ಮುಚ್ಚಿಟ್ಟು ಏನು ಮಾಡಲಿ?

ಆ ಹೊಟ್ಟೆಕಿಚ್ಚು ಏನು ಮಾಡಿತು ಎಂಬುದನ್ನೂ ಬರೆಯಬೇಕು. ಪರೀಕ್ಷೆಯ ಹಿಂದಿನ ಸಂಜೆ ಸಾವಿತ್ರಿಬಾಯಿ ಊರಿಗೆ ಹೋಗಿದ್ದರು. ಹುಡುಗಿ ನನ್ನ ಹತ್ತಿರ ಬಂದು ಕೂತಳು.

"ಆಯಿ, ನಾಳಿ ‘ಮಾಝೀ ಆಈ’ ಅಂತ ನಿಬಂಧ ಬರ್ತದಂತ. ನಿನ್ನ ಮ್ಯಾಲೇ ಬರೀಬೇಕಲ್ಲ?"

"ಮತ್ತ್ಯಾರ ಮ್ಯಾಲ ಬರೀತಿ? ಬರಿ. ಹಲ್ಲಿನ ಮಾತೊಂದು ಬ್ಯಾಡ."

ಐವತ್ತು ವರ್ಷ ಅಕ್ಕಲಕೋಟದ ಬಜಾರಿನಲ್ಲಿ ಕೂತು ಮೆಂತ್ಯ, ಸಬ್ಬಸಿಗೆ ಮಾರಿದವಳು ನಾನು. ಮರಾಠಿ ಮಕ್ಕಳು ‘ಆಈ, ಆಈ’ ಎಂದು ತಾಯಂದಿರ ಸೆರಗು ಎಳೆಯುವುದನ್ನು ದಿನವೂ ನೋಡಿದವಳು. ನನಗೆ ಅರ್ಥ ಗೊತ್ತಿತ್ತು. ಹೇಳಲಿಲ್ಲ. ನನ್ನ ಮೇಲೆ ಯಾರೂ ಎಂದೂ ಒಂದು ಸಾಲು ಬರೆದಿರಲಿಲ್ಲ.

ಆದ್ದರಿಂದ ಶಿಕ್ಷೆಯನ್ನು ನನಗೆ ವರ್ಗಾಯಿಸಿ. ಐದನೇ ಇಯತ್ತೆಯ ಆ ಬೆಂಚಿಗೆ ನಾನು ಬರುತ್ತೇನೆ. ನನ್ನ ಮೊಣಕಾಲು ಹೇಗೂ ಮಡಚುವುದಿಲ್ಲ, ಚಾಚಿಕೊಂಡು ಕೂರುತ್ತೇನೆ. ಸ್ನೇಹಲಳನ್ನು ನಿಮ್ಮ ಕೋಣೆಗೆ ಕರೆಯಿರಿ. ಕುರ್ಚಿಯ ಮೇಲೆ ಕೂರಿಸಿ ಈ ಹಾಳೆಯನ್ನು ಅವಳ ಕೈಗೆ ಕೊಡಿ. ಮರಾಠಿ ಬಾಯಿಯವರೂ ಇರಲಿ. ಒಂದೊಂದೇ ಸಾಲು ಓದಿ ನಿಮಗೆ ಮರಾಠಿಯಲ್ಲಿ ಹೇಳುತ್ತಾಳೆ. ಅದೇ ಅವಳ ಪರೀಕ್ಷೆಯೆಂದು ಹಿಡಿಯಿರಿ. ನಿಮಗೆ ಅರ್ಥವಾದರೆ ಅವಳು ಪಾಸು. ಆ ದಿನವೇ ಅವಳ ಬೆಂಚಿಗೆ ಕಳಿಸಿ.

ಬಜಾರಿನ ಸಾಲಿಗೆ ಬಂದಾಗ ಅವಳು ತಡವರಿಸಬಹುದು. ಅದು ಮರಾಠಿ ಬಾರದೆ ಅಲ್ಲ, ಅವಸರಪಡಿಸಬೇಡಿ. ಆ ಮಾತನ್ನು ನಾನು ಅವಳಿಗೆ ಇನ್ನೂ ಹೇಳಿಲ್ಲ. ಓದಿ ಮುಗಿಸಿ ಮನೆಗೆ ಬಂದ ಮೇಲೆ ಅವಳು ನನ್ನನ್ನು ಆಯಿ ಎನ್ನಲಿ, ಆಜಿ ಎನ್ನಲಿ. ಕರೆದರೆ ಸಾಕು.

ಇಂತಿ,
ಆ ಪರೀಕ್ಷೆಯವರೆಗೆ ಆಯಿಯಾಗಿದ್ದ,
ಈಗ ಓಣಿಯ ಎರಡನೆಯ ಆಜಿ,
ಗಂಗುಬಾಯಿ, ಮೈಂದರ್ಗಿ
(ಸದ್ಯ ಸೋಲಾಪುರ)