ದೀಪವಿಲ್ಲದ ಗಾಡಿ

ಅತ್ತೆಗೆ,

ಸೊಸೆಯ ನಮಸ್ಕಾರ. ಮಗಳ ಮನೆಯಲ್ಲಿ ನೀವು ಚೆನ್ನಾಗಿದ್ದೀರಿ, ಮೊಮ್ಮಗಳ ಹೋಂವರ್ಕನ್ನೂ ನೀವೇ ಮಾಡಿಕೊಟ್ಟು ಅವಳನ್ನು ಹಾಳು ಮಾಡುತ್ತಿದ್ದೀರಿ ಎಂದು ನಾದಿನಿ ದೂರುತ್ತಿದ್ದಳು. ಇದನ್ನೆಲ್ಲ ಫೋನಿನಲ್ಲೇ ಹೇಳಬಹುದಿತ್ತು. ಆದರೆ ಗಾಡಿಯ ಮಾತೆತ್ತಿದರೆ ಸಾಕು, ನೀವು ‘ಮಾರಿದ್ರಾ?’ ಅನ್ನುತ್ತೀರಿ. ಇನ್ನೂ ಇಲ್ಲ ಅಂದರೆ ಫೋನನ್ನು ಮೊಮ್ಮಗಳ ಕೈಗೆ ಕೊಟ್ಟುಬಿಡುತ್ತೀರಿ. ಕಾಗದವನ್ನು ಹಾಗೆ ದಾಟಿಸಲು ಆಗುವುದಿಲ್ಲ, ಅವಳಿಗಿನ್ನೂ ಒತ್ತಕ್ಷರ ಓದಲು ಬರುವುದಿಲ್ಲವಂತೆ.

ಮಾರಿಲ್ಲ ಅತ್ತೆ. ಮೊದಲೇ ಹೇಳಿಬಿಡುತ್ತೇನೆ, ಕೊನೆಯವರೆಗೆ ಓದಿ ಆಮೇಲೆ ಕೋಪ ಮಾಡಿಕೊಳ್ಳುವುದು ಬೇಡ. ಮಾವ ತೀರಿಕೊಂಡ ಮೇಲೆ ನೀವು ಬಟ್ಟೆ ಜೋಡಿಸಿಕೊಂಡು ಹೊರಟ ದಿನ, ನಮ್ಮ ಗಾಡಿ ಬಾಗಿಲಲ್ಲೇ ನಿಂತಿದ್ದರೂ ಬಾಡಿಗೆ ಕಾರು ಕರೆಸಿದಿರಿ. ಯಾಕೆ ಅಂತ ಕೇಳಿದೆ. ‘ನನ್ನ ಹೆದರಿಕೆ ನೋಡಿ ಬೇಜಾರಾಗಿ ದೀಪಾನೇ ಕಿತ್ತುಹಾಕಿದ ಮನುಷ್ಯ ಕಣೇ ನಿಮ್ಮ ಮಾವ. ಕಿತ್ತಿದ್ದು ಸಾಲದು ಅಂತ ಎಲ್ಲರಿಗೂ ಹೇಳಿ ನಗಿಸಿದ್ರು. ಆ ಗಾಡೀಲಿ ನಾನಿನ್ನು ಕೂರಲ್ಲ, ಮಾರಿಬಿಡಿ’ ಅಂದಿರಿ. ನೀವು ಅಳಲಿಲ್ಲ. ಅತ್ತಿದ್ದರೆ ನನ್ನ ಮನಸ್ಸು ಇಷ್ಟು ಕುಟುಕುತ್ತಿರಲಿಲ್ಲ.

ಆ ದೀಪದ ಕಥೆ ನನಗೆ ಗೊತ್ತಾಗಿದ್ದೂ ನಿಮ್ಮಿಂದಲೇ. ನಿಮ್ಮ ಮಗ ಕೈಗೂಸು, ಮೈ ಸುಡುವ ಜ್ವರ. ಡಾಕ್ಟರ ಹತ್ತಿರ ಹೊರಟವರಿಗೆ ಸೇತುವೆ ಹತ್ತುವ ಮುಂಚೆ ಸ್ಟಿಯರಿಂಗ್ ಹಿಂದಿನ ಚಿಕ್ಕ ಕೆಂಪು ದೀಪ ಹತ್ತಿಕೊಂಡಿತು. ಬ್ಯಾಟರಿ ಚಾರ್ಜ್ ಆಗುತ್ತಿಲ್ಲ ಅಂತ ಹೇಳುವ ದೀಪ ಅದು. ಏನಿಲ್ಲ, ಅಲ್ಲಿಯವರೆಗೆ ಎಳೆಯುತ್ತದೆ ಅಂದರು ಮಾವ. ಎಳೆಯಲಿಲ್ಲ. ಸೇತುವೆಯ ನಟ್ಟನಡುವೆ ಹೆಡ್‌ಲೈಟ್ ಮಂಕಾಯಿತು, ಇಂಜಿನ್ ಕೆಮ್ಮಿ ನಿಂತಿತು. ಮಗುವನ್ನು ಎದೆಗವಚಿಕೊಂಡು, ಪಕ್ಕದಲ್ಲೇ ಹಾಯುವ ಲಾರಿಗಳ ಗಾಳಿಗೆ ತತ್ತರಿಸುತ್ತ, ಆ ತುದಿಯವರೆಗೆ ನಡೆದಿರಿ. ಮಗುವಿಗೆ ಏನೂ ಆಗಲಿಲ್ಲ, ಈಗ ನನ್ನ ಜೀವ ತಿನ್ನುವಷ್ಟು ಗಟ್ಟಿಮುಟ್ಟಾಗಿದ್ದಾರೆ. ಹೆದರಿಕೆ ಮಾತ್ರ ನಿಮ್ಮಲ್ಲೇ ಉಳಿದುಕೊಂಡಿತು.

ಕೀ ತಿರುಗಿಸಿದಾಗ ಆ ದೀಪ ಹತ್ತಬೇಕು, ಇಂಜಿನ್ ಶುರುವಾದ ಮೇಲೆ ಆರಬೇಕು, ಅದರ ಕೆಲಸವೇ ಅಷ್ಟು ಎಂದು ಮಾವ ಎಷ್ಟು ಹೇಳಿದರೂ ನಿಮ್ಮ ಕೈ ಕೇಳಲಿಲ್ಲವಂತೆ. ಕೆಂಪು ಕಂಡ ಕೂಡಲೇ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿಯುತ್ತಿತ್ತು. ಆರಿದ ಮೇಲೂ ದಾರಿಯುದ್ದಕ್ಕೂ ಅದಿದ್ದ ಜಾಗವನ್ನೇ ನೋಡುತ್ತ ಕೂರುತ್ತಿದ್ದೆ, ಹೊರಗೆ ಊರು ಬಂತೋ ಕಾಡು ಬಂತೋ ಗೊತ್ತಾಗುತ್ತಿರಲಿಲ್ಲ ಎಂದು ನೀವೇ ಹೇಳಿದ್ದೀರಿ. ಹೀಗಿರುವಾಗ ಒಂದು ದಿನ ಗಾಡಿ ಹತ್ತಿದರೆ ಕೆಂಪು ದೀಪ ಹತ್ತಲೇ ಇಲ್ಲ. ಕೇಳಿದರೆ ಮಾವ, ಹಿಂದಿನ ಸೀಟಿನಲ್ಲಿ ಕೂತಿದ್ದ ನೆಂಟರ ಮುಂದೆಯೇ, ‘ಈ ಗಾಡಿಗೆ ದೀಪ ಯಾಕೆ? ಪಕ್ಕದ ಸೀಟಲ್ಲಿ ಇವಳೇ ಇದ್ದಾಳಲ್ಲ’ ಅಂದರು. ನೆಂಟರು ಬಿದ್ದು ಬಿದ್ದು ನಕ್ಕರು. ಆಮೇಲೆ ವರ್ಷಗಟ್ಟಲೆ ಮನೆಗೆ ಬಂದವರಿಗೆಲ್ಲ ಅದೇ ಮಾತು. ನಾನು ಮದುವೆಯಾಗಿ ಬಂದು ಗಾಡಿಗಳ ವೈರಿಂಗ್ ರಿಪೇರಿ ಮಾಡುವ ಅವರ ಅಂಗಡಿಯಲ್ಲಿ ಕೆಲಸ ಕಲಿಯುತ್ತೇನೆ ಅಂದಾಗ, ಈ ಗಾಡಿಯಲ್ಲಿ ಚಾರ್ಜಿಂಗ್ ದೀಪ ಎಲ್ಲಿದೆ ಅಂತ ಕೇಳಿದ್ದಕ್ಕೂ ಅದೇ ಉತ್ತರ. ನಾನೂ ನಕ್ಕಿದ್ದೆ. ನೀವು ಒಳಗಿನಿಂದ ಕೇಳಿಸಿಕೊಂಡು ಲೋಟಗಳನ್ನು ಕುಕ್ಕಿ ಇಟ್ಟಿದ್ದು ನನಗೆ ನೆನಪಿದೆ.

ಇನ್ನು ಈಚಿನ ವಿಷಯ. ನೀವು ಹೋದ ಮೇಲೆ ಗಾಡಿ ಹಟ ಹಿಡಿಯಿತು. ಬೆಳಿಗ್ಗೆ ಕೀ ತಿರುಗಿಸಿದರೆ ಟಕ್ ಅಂತ ಒಂದು ಸದ್ದು, ಅಷ್ಟೇ. ಪಕ್ಕದ ಮನೆಯ ಮೇಷ್ಟ್ರು, ಎದುರು ಮನೆಯ ಟೈಲರ್ ಎಲ್ಲ ಸೇರಿ ತಳ್ಳಬೇಕು. ನಿಮ್ಮ ಮಗ ಬ್ಯಾಟರಿ ತುದಿಗಳಲ್ಲಿ ಕಟ್ಟಿದ್ದ ಬಿಳಿ ಪುಡಿಯನ್ನು ಬ್ರಷ್ಷಿನಿಂದ ಉಜ್ಜಿ ತೆಗೆದರು. ಯಾವ ಬ್ರಷ್ಷು ಅಂತ ನನಗೆ ಮಾರನೆಯ ದಿನ ಹಲ್ಲುಜ್ಜಲು ಹೋದಾಗ ಗೊತ್ತಾಯಿತು. ಹೊಸ ಬ್ಯಾಟರಿಯನ್ನೂ ಹಾಕಿಸಿದರು. ಕೆಲವು ದಿನ ಸರಿಯಿತ್ತು, ಮತ್ತೆ ಅದೇ ರಾಗ. ಆಗ ನಾನು ವೋಲ್ಟ್ ಅಳೆಯುವ ಮೀಟರ್ ಹಿಡಿದುಕೊಂಡು ಅಂಗಡಿಯಿಂದ ಈಚೆ ಬಂದೆ.

ನಿಮಗೆ ಬೇಸರವಾಗದಷ್ಟೇ ಹೇಳುತ್ತೇನೆ. ಇಂಜಿನ್ ಓಡುವಾಗ ಆಲ್ಟರ್ನೇಟರ್, ನೀವು ಡೈನಮೋ ಅನ್ನುತ್ತೀರಲ್ಲ ಅದು, ಬ್ಯಾಟರಿಗೆ ಊಟ ಬಡಿಸಬೇಕು. ಇಂಜಿನ್ ಆಫ್ ಇದ್ದಾಗ ಬ್ಯಾಟರಿ ಹನ್ನೆರಡೂವರೆ ವೋಲ್ಟ್ ತೋರಿಸಿದರೆ, ಇಂಜಿನ್ ಓಡುವಾಗ ಹದಿನಾಲ್ಕರ ಹತ್ತಿರ ಏರಬೇಕು. ಇಲ್ಲಿ ಏರುವುದಿರಲಿ, ನೋಡನೋಡುತ್ತ ಇಳಿಯುತ್ತಿತ್ತು. ಬಡಿಸುವವರಿಲ್ಲ, ಇದ್ದದ್ದನ್ನೇ ತಿಂದು ಮುಗಿಸುತ್ತಿದೆ. ಬೆಲ್ಟ್ ಒತ್ತಿ ನೋಡಿದೆ, ಬಿಗಿಯಾಗಿತ್ತು. ಅರ್ತ್ ವೈರು ಬಿಚ್ಚಿ ತುಕ್ಕು ಕೆರೆದು ಮತ್ತೆ ಬಿಗಿದೆ. ಕೊನೆಗೆ ಆಲ್ಟರ್ನೇಟರನ್ನೇ ಇಳಿಸಿ, ಮಾವ ಅಂಗಡಿಯಲ್ಲಿ ಮಾಡಿಟ್ಟಿರುವ ಟೆಸ್ಟ್ ಬೆಂಚಿಗೆ ಕಟ್ಟಿ ಓಡಿಸಿದೆ. ಅಲ್ಲಿ ಹದಿನಾಲ್ಕು! ತಂದು ಗಾಡಿಗೆ ಕೂರಿಸಿದರೆ ಮತ್ತೆ ಅದೇ ಇಳಿತ. ಒಳಗೆ ಉಜ್ಜಿಕೊಂಡು ಕರೆಂಟ್ ದಾಟಿಸುವ ಕಾರ್ಬನ್ ತುಂಡು ಸವೆದಿರಬಹುದು ಅಂತ ಬದಲಾಯಿಸಿದೆ. ಬೆಂಚಿನ ಮೇಲೆ ಮತ್ತೆ ಚೆನ್ನ, ಗಾಡಿಯಲ್ಲಿ ಮತ್ತೆ ಮೌನ. ತವರಿನಲ್ಲಿ ನಗುನಗುತ್ತ ಇದ್ದು ಗಂಡನ ಮನೆಗೆ ಬಂದ ಕೂಡಲೇ ಮುಖ ಊದಿಸಿಕೊಂಡ ಹಾಗಾಯ್ತು ಅಂದರು ನಿಮ್ಮ ಮಗ. ಯಾರ ಬಗ್ಗೆ ಹೇಳಿದ್ದು ಅಂತ ಕೇಳಿದೆ. ಟೀ ಮಾಡಲು ಎದ್ದು ಹೋದರು.

ಇದರ ಮಧ್ಯೆ ಗುಜರಿಯವರು ಬಂದು ಗಾಡಿಯ ಸುತ್ತ ಒಂದು ಸುತ್ತು ಹಾಕಿ, ವಾರದ ಕೊನೆಗೆ ಸರಪಳಿ ತಂದು ಎಳೆದುಕೊಂಡು ಹೋಗುತ್ತೇವೆ ಅಂದರು. ನಿಮ್ಮ ಮಗ ತಲೆಯಾಡಿಸಿದರು. ನಾನೂ ಬೇಡ ಅನ್ನಲಿಲ್ಲ. ನೀವೇ ಮಾರಿ ಅಂದಿದ್ದೀರಿ, ಗಾಡಿಯೂ ಹೌದು ಅನ್ನುತ್ತಿದೆ, ಇನ್ನು ನಾನ್ಯಾರು ಅಡ್ಡ ಬರಲು?

ಮಧ್ಯಾಹ್ನ ಅಂಗಡಿಯಲ್ಲಿ ಊಟ ಮುಗಿಸಿ ಬೆಂಚಿನ ಮುಂದೆ ಸುಮ್ಮನೆ ಕೂತಿದ್ದೆ. ಬೆಂಚಿನ ಸ್ವಿಚ್ ಪಕ್ಕದಲ್ಲಿ ಮಾವ ಒಂದು ಕೆಂಪು ಬಲ್ಬ್ ಹಾಕಿದ್ದಾರೆ. ಅದನ್ನು ದಿನಾ ನೋಡುತ್ತೇನೆ, ಅವತ್ತು ಕಂಡಿತು. ಕೆಲಸ ಕಲಿಯಲು ಬಂದ ಹೊಸದರಲ್ಲಿ ಆ ಬಲ್ಬ್ ತೋರಿಸಿ ಅವರು ಹೇಳಿದ್ದರು: ‘ಇದು ಬರೀ ಎಚ್ಚರಿಸೋ ದೀಪ ಅಲ್ಲಮ್ಮ. ಬ್ಯಾಟರಿಯಿಂದ ಈ ಬಲ್ಬ್ ದಾಟಿ ಚೂರು ಕರೆಂಟ್ ಹೋಗಿ ಆಲ್ಟರ್ನೇಟರ್‌ನ ಎಬ್ಬಿಸಬೇಕು. ಎದ್ದ ಮೇಲೆ ಅದರ ಪಾಡಿಗೆ ಅದು ದುಡಿಯುತ್ತೆ. ಎಬ್ಬಿಸೋರೇ ಇಲ್ದಿದ್ರೆ ಬಿದ್ಕೊಂಡೇ ಇರುತ್ತೆ.’

ಲೋಟ ಕೈಯಲ್ಲೇ ಉಳಿಯಿತು ಅತ್ತೆ. ಬೆಂಚಿಗೆ ಅದರದೇ ಬಲ್ಬ್ ಇದೆ, ಹಾಗಾಗಿ ಬೆಂಚಿನ ಮೇಲೆ ಏಳುತ್ತದೆ. ಸರಿ. ಆದರೆ ನಮ್ಮ ಗಾಡಿಯಲ್ಲಿ ದೀಪವೇ ಇಲ್ಲ ಅಂದಮೇಲೆ ಇಷ್ಟು ವರ್ಷ ಅದನ್ನು ಎಬ್ಬಿಸಿದವರು ಯಾರು? ಈ ಪಾಠ ಹೇಳಿಕೊಟ್ಟ ಮನುಷ್ಯ ದೀಪ ಕಿತ್ತು ಬಿಸಾಡಿ ಗಾಡಿ ಓಡಿಸಲು ಸಾಧ್ಯವೇ ಇಲ್ಲ. ಬೇರೆ ಯಾರ ಗಾಡಿ ಬಂದಿದ್ದರೂ ಮೊದಲು ಆ ದೀಪವನ್ನೇ ನೋಡುತ್ತಿದ್ದೆ. ಈ ಒಂದು ಗಾಡಿಗೆ ಮಾತ್ರ ದೀಪವಿಲ್ಲ ಎಂದು ಒಪ್ಪಿಕೊಂಡು ಕೂತಿದ್ದೆ. ಮಾವನ ತಮಾಷೆಯನ್ನು ನಾವೆಲ್ಲ ನಿಜ ಅಂದುಕೊಂಡಿದ್ದೆವು, ನೀವು ನೊಂದುಕೊಂಡು, ನಾನು ನಕ್ಕು.

ಓಡಿ ಹೋಗಿ ಗಾಡಿಯ ಬಾಗಿಲು ತೆಗೆದು, ಸ್ಟಿಯರಿಂಗ್ ಕೆಳಗೆ ತಲೆ ತೂರಿಸಿ ಟಾರ್ಚ್ ಬಿಟ್ಟೆ. ದೀಪ ಮೊದಲಿದ್ದ ಜಾಗದ ಹಿಂದಿನಿಂದ ಒಂದು ವೈರು ಇಳಿದು ಬಂದಿತ್ತು. ಅದರ ಜೋಡಣೆಗೆ ಸುತ್ತಿದ್ದ ಕಪ್ಪು ಟೇಪನ್ನು ನೋಡಿದರೆ ಸಾಕು, ಮಾವನ ಕೈ ಅಂತ ಯಾರಾದರೂ ಹೇಳುತ್ತಾರೆ. ಒಂದರ ಅಂಚಿನ ಮೇಲೆ ಒಂದು, ಎಲ್ಲೂ ಸುಕ್ಕಿಲ್ಲ. ವೈರು ಬಾಗಿಲ ಕಡೆಗೆ ಹೋಗಿ, ಓಡಿಸುವವರ ಮೊಣಕಾಲ ಹತ್ತಿರ ಮುಗಿಯಿತು. ಅಲ್ಲಿ ಡಬ್ಬಿಯ ಮುಚ್ಚಳ ಕತ್ತರಿಸಿ ಮಾಡಿದ ಒಂದು ಪುಟ್ಟ ತಗಡಿನ ಗೂಡು. ಕೈಗೆ ತರಚದಿರಲಿ ಅಂತ ಅಂಚು ಮಡಚಿದ್ದಾರೆ. ಅದರೊಳಗೆ ಕೆಂಪು ಗಾಜು, ಅದರ ಹಿಂದೆ ಬಲ್ಬು.

ನಿಮ್ಮ ಸೀಟಿನಲ್ಲಿ ಕೂತು ನೋಡಿದೆ. ಬಗ್ಗಿದೆ, ವಾಲಿದೆ, ಕತ್ತು ಚಾಚಿದೆ. ಏನೂ ಕಾಣಲಿಲ್ಲ. ಮಾವನ ಸೀಟಿನಲ್ಲಿ ಕೂತು ತಲೆ ತಗ್ಗಿಸಿದರೆ ಎದುರಿಗೇ ಇದೆ. ಕಾಣಬಾರದ ಕಡೆಯಿಂದ ಕಾಣದ ಹಾಗೆ, ಕಾಣಬೇಕಾದವರಿಗಷ್ಟೇ ಕಾಣುವ ಹಾಗೆ ಆ ತಗಡನ್ನು ಎಷ್ಟು ಸಲ ಬಗ್ಗಿಸಿ, ಎಷ್ಟು ಸಲ ನಿಮ್ಮ ಸೀಟಿಗೆ ಬಂದು ಕೂತು ಪರೀಕ್ಷೆ ಮಾಡಿದರೋ.

ಮಾವ ಕೀ ತಿರುಗಿಸಿದ ಮೇಲೆ ತಲೆ ಬಗ್ಗಿಸಿ ಪ್ಯಾಂಟಿನ ಮಂಡಿ ಕೊಡವಿಕೊಳ್ಳುತ್ತಿದ್ದರಲ್ಲ, ನೆನಪಿದೆಯೇ? ‘ಧೂಳು ಕೊಡವೋದನ್ನ ಗಾಡಿ ಹತ್ತೋ ಮುಂಚೆ ಮಾಡಬಾರದಾ?’ ಅಂತ ನೀವು ಪ್ರತಿ ಸಲ ಬೈಯುತ್ತಿದ್ದಿರಿ. ಅಲ್ಲಿ ಧೂಳು ಇರಲಿಲ್ಲ ಅತ್ತೆ. ದೀಪ ಹತ್ತಿತೇ, ಆರಿತೇ ಅಂತ ನೋಡಿಕೊಳ್ಳುತ್ತಿದ್ದರು. ಆ ಸ್ಟಿಯರಿಂಗನ್ನು ಬೇರೆ ಯಾರಿಗೂ ಕೊಡುತ್ತಿರಲಿಲ್ಲ, ಹಾಗಾಗಿ ಬೇರೆ ಯಾರಿಗೂ ಗೊತ್ತಾಗಲಿಲ್ಲ. ಅವರಿದ್ದಾಗ ಬಲ್ಬ್ ಸುಟ್ಟರೆ ಬದಲಾಯಿಸುತ್ತಿದ್ದರು ಅಂತ ಕಾಣುತ್ತದೆ, ಗೂಡಿನ ಬಾಯಲ್ಲಿ ಹಳೆಯ ಟೇಪಿನ ಮೇಲೆ ಹೊಸ ಟೇಪಿದೆ. ಈ ಸಲ ಸುಟ್ಟಾಗ ನೋಡಲು ಅವರಿರಲಿಲ್ಲ. ಗಾಡಿಗೆ ಆಗಿದ್ದು ಇಷ್ಟೇ, ಒಂದು ಬಲ್ಬ್ ಹೋಗಿತ್ತು.

ಹೊಸದು ಹಾಕಿ ಕೀ ತಿರುಗಿಸಿದೆ. ಮೊಣಕಾಲ ಮೇಲೆ ಕೆಂಪು ಬೆಳಕು ಬಿತ್ತು. ಇಂಜಿನ್ ಶುರುವಾಯಿತು, ದೀಪ ಆರಿತು, ಮೀಟರ್ ಹದಿನಾಲ್ಕಕ್ಕೆ ಹೋಗಿ ನಿಂತಿತು. ನಾನು ಅಲ್ಲೇ ಕೂತು ಚೆನ್ನಾಗಿ ಅತ್ತುಬಿಟ್ಟೆ. ನಿಮ್ಮ ಮಗನನ್ನು ಕರೆದು ತೋರಿಸಿದೆ, ಅವರು ನಿಮ್ಮ ಸೀಟಿನಲ್ಲಿ ಬಂದು ಕೂತರು. ಇಂಜಿನ್ ಆಫ್ ಮಾಡಲು ಇಬ್ಬರಿಗೂ ಮನಸ್ಸಾಗಲಿಲ್ಲ.

ನಾನು ಮಾವನ ಪರ ವಕಾಲತ್ತು ವಹಿಸುತ್ತಿಲ್ಲ. ಆ ಮಾತನ್ನು ನೆಂಟರ ಮುಂದೆ ಆಡಬಾರದಿತ್ತು. ಆಡಿದ್ದನ್ನು ಮತ್ತೆ ಮತ್ತೆ ಆಡಬಾರದಿತ್ತು. ದೀಪ ಇಲ್ಲಿದೆ ಅಂತ ಹೇಳಿದ್ದರೆ ನೀವು ಬಗ್ಗಿ ಬಗ್ಗಿ ಅದನ್ನೇ ನೋಡುತ್ತಿದ್ದಿರಿ, ಅದಕ್ಕೇ ಹೇಳಲಿಲ್ಲ ಅಂತ ನನಗನ್ನಿಸುತ್ತದೆ. ಆದರೂ ಬಿಡುವಾಗಿ ಕೂತಾಗ ಒಂದು ಸಲವಾದರೂ ಹೇಳಬಹುದಿತ್ತು. ವೈರು ಎಳೆಯಲು ಬಂದಷ್ಟು ಚೆನ್ನಾಗಿ ಆ ಮನುಷ್ಯನಿಗೆ ಮಾತಾಡಲು ಬರಲಿಲ್ಲ. ಅದಕ್ಕಾಗಿ ನೀವು ಅವರನ್ನು ಬೈಯಿರಿ, ನಾನೂ ಜೊತೆಗೆ ಸೇರಿ ಬೈಯುತ್ತೇನೆ. ನಿಮ್ಮ ಹೆದರಿಕೆ ನೋಡಿ ಬೇಜಾರಾಗಿ ದೀಪ ಕಿತ್ತುಹಾಕಿದರು ಅನ್ನುವುದನ್ನು ಮಾತ್ರ ಇನ್ನು ಹೇಳಬೇಡಿ. ಕಿತ್ತುಹಾಕಲಿಲ್ಲ. ತಮ್ಮ ಕಡೆಗೆ ಎಳೆದುಕೊಂಡರು.

ಆಮೇಲೆ ನೀವು ಆ ಗಾಡಿಯಲ್ಲಿ ನಿದ್ದೆ ಮಾಡಲು ಕಲಿತಿರಿ. ಹಣೆಯನ್ನು ಕಿಟಕಿಗೆ ಆನಿಸಿ ಮಲಗುತ್ತಿದ್ದಿರಿ. ಆ ಗಾಜಿನ ಮೇಲಿನ ಹಣೆಯ ಗುರುತು ಒರೆಸುವುದೇ ನನಗೊಂದು ಕೆಲಸ ಅಂತ ಮಾವ ಗೊಣಗುತ್ತಿದ್ದರು. ಗೊಣಗುವಾಗ ಅವರ ಮುಖ ನೋಡಿದ್ದೇನೆ ನಾನು. ಅಷ್ಟು ಸಂತೋಷದಿಂದ ಗಾಜು ಒರೆಸುವವರನ್ನು ಮತ್ತೆ ಎಲ್ಲೂ ಕಂಡಿಲ್ಲ.

ಗುಜರಿಯವರಿಗೆ ಸದ್ಯಕ್ಕೆ ಬರಬೇಡಿ ಅಂದಿದ್ದೇನೆ. ಗಾಡಿ ನಿಮ್ಮದು, ಇದನ್ನು ಓದಿದ ಮೇಲೂ ಮಾರು ಅಂದರೆ ಮಾರುತ್ತೇನೆ, ಎದುರು ಮಾತಿಲ್ಲ. ಆದರೆ ಭಾನುವಾರ ಬೆಳಿಗ್ಗೆ ನಾನು ಅದರಲ್ಲೇ ಬರುತ್ತಿದ್ದೇನೆ. ಬಟ್ಟೆ ಜೋಡಿಸಿಟ್ಟುಕೊಳ್ಳಿ ಅಂತ ಹೇಳುವಷ್ಟು ಧೈರ್ಯ ನನಗಿಲ್ಲ, ಜೋಡಿಸಿಟ್ಟಿದ್ದರೆ ಸಂತೋಷ. ಮೊದಲು ಮಾವನ ಸೀಟಿನಲ್ಲಿ ಕೂತು ನೀವೇ ಕೀ ತಿರುಗಿಸಿ. ಮಂಡಿಯ ಹತ್ತಿರ ನೋಡಿ. ಎಷ್ಟು ಹೊತ್ತು ಬೇಕಾದರೂ ನೋಡಿ, ನಾನು ಹೊರಗೆ ನಿಂತಿರುತ್ತೇನೆ.

ಆಮೇಲೆ ನಿಮ್ಮ ಜಾಗಕ್ಕೆ ಬಂದು ಕೂತುಕೊಳ್ಳಿ. ದೀಪ ನಾನು ನೋಡಿಕೊಳ್ಳುತ್ತೇನೆ.

ಮೈ ಕಡೆ ಗಮನವಿರಲಿ, ದಾರಿಯಲ್ಲಿ ನಿಮಗೆ ಒಳ್ಳೆಯ ನಿದ್ದೆ ಬರಲಿ.

ಇಂತಿ,
ನೀವೇ ಹೆಸರಿಟ್ಟ ನಿಮ್ಮ
ಕರೆಂಟಮ್ಮ