ಹಾಲ್‌ನ ಬೂದಿ ಬಣ್ಣ

ಹದಿನಾಲ್ಕನೇ ತಾರೀಕು, ಭಾನುವಾರ
ನಿಮ್ಮ ಅಡುಗೆಮನೆಯಿಂದ (ಬೇರೆಲ್ಲಿ ಕೂತರೂ ಸೀರೆಗೆ ಬಣ್ಣ ಹತ್ತುತ್ತದೆ)

ಪ್ರೀತಿಯ ಅಪ್ಪಾ,

ಮಂಡಿನೋವು ಹೇಗಿದೆ? ತಂಗಿಯನ್ನು ಕೇಳಿದರೆ "ಪರವಾಗಿಲ್ಲ" ಅನ್ನುತ್ತಾಳೆ, ನಿಮ್ಮನ್ನು ಕೇಳಿದರೆ "ನನಗೇನಾಗಿದೆ" ಅನ್ನುತ್ತೀರಿ. ಇಬ್ಬರನ್ನೂ ನಂಬದೆ ನಿಮ್ಮ ಕಿರಿಯ ಅಳಿಯನನ್ನೇ ಕೇಳಿದೆ. ಮೆಟ್ಟಿಲಿಲ್ಲದ ಮನೆ ನಿಮಗೆ ಒಗ್ಗಿದೆಯಂತೆ, ಬೆಳಿಗ್ಗೆ ಪಾರ್ಕಿನವರೆಗೆ ನಡೆದು ಬರುತ್ತೀರಂತೆ, ಅಲ್ಲಿಗೆ ಸಂತೋಷ. ಆದರೆ ಅವರ ಮನೆಯ ಗಡಿಯಾರಗಳನ್ನೆಲ್ಲ ಬಿಚ್ಚಿ ಮಂಚದ ಮೇಲೆ ಹರಡಿಕೊಂಡಿದ್ದೀರಂತೆ. ಗಡಿಯಾರ ರಿಪೇರಿ ಅಂಗಡಿ ಮುಚ್ಚಿದರೂ ನಿಮ್ಮ ಕೈ ಸುಮ್ಮನಿರುವುದಿಲ್ಲ, ಗೊತ್ತು. ಒಂದನ್ನಾದರೂ ಬೇಗ ಜೋಡಿಸಿ ಕೊಡಿ, ಪಾಪ, ಅವರು ಆಫೀಸಿಗೆ ಹೋಗಬೇಕು.

ಇಲ್ಲಿನ ಸುದ್ದಿ ಅಂದರೆ ಬಣ್ಣದ್ದೇ. ಮಹಡಿ ಮನೆ ಮಾರುವುದಕ್ಕೆ ಮೊದಲು ಸುಣ್ಣಬಣ್ಣ ಆಗಲೇಬೇಕು ಎಂದು ಬ್ರೋಕರ್ ಹಟ ಹಿಡಿದ. ನಾನು ಅಂಗಡಿಯಿಂದ ಬಣ್ಣದ ಕಾರ್ಡು ತಂದು, ನಿಮ್ಮ ಕೋಣೆಗೆ ತಿಳಿ ಹಳದಿ, ಅಡುಗೆಮನೆಗೆ ತಿಳಿ ನೀಲಿ ಎಂದು ಗುರುತು ಹಾಕಿ ಇಟ್ಟಿದ್ದೆ. ಆತ ಕಾರ್ಡನ್ನು ಮಡಚಿ ನನ್ನ ಕೈಗೇ ಕೊಟ್ಟು, "ಮೇಡಂ, ಮನೆ ನೋಡೋಕೆ ಬಂದೋರಿಗೆ ನಿಮ್ಮ ಬಣ್ಣ ಕಾಣಬಾರದು, ಅವರ ಸೋಫಾ ಕಾಣಬೇಕು" ಅಂದ. ಮಾತು ಒರಟಾದರೂ ಸುಳ್ಳಲ್ಲ. ಹಾಗಾಗಿ ಕೋಣೆಗಳಿಗೆಲ್ಲ ಕೆನೆ ಬಣ್ಣ. ಹಲ್ಲು ಕೀಳುವ ಡಾಕ್ಟರ ಕ್ಲಿನಿಕ್ಕಿನ ಹಾಗೆ ಕಾಣುತ್ತಿದೆ, ಇರಲಿ. ಮನೆ ಇಷ್ಟು ದೊಡ್ಡದಿತ್ತೇ ಎಂದು ನನಗೇ ಆಶ್ಚರ್ಯ. ಅಮ್ಮನ ಹೊಲಿಗೆ ಮೆಷಿನ್ ಇದ್ದ ಮೂಲೆ ಖಾಲಿಯಾಗಿದ್ದು ನೋಡಿ ಸ್ವಲ್ಪ ಅತ್ತೆ. ಪೇಂಟರ್ ನೋಡಿಬಿಟ್ಟ. ಪೇಂಟಿನ ವಾಸನೆ ಕಣ್ಣಿಗೆ ಹೊಡೆಯಿತು ಅಂದೆ, ಅವನೂ ಹೂಂ ಅಂದ.

ಇನ್ನು ಹಾಲ್. ನೀವು ಫೋನಿನಲ್ಲಿ ಹೇಳಿದ್ದು ಮರೆತಿಲ್ಲ: "ಏನಾದ್ರೂ ಮಾಡ್ಕೋ, ಹಾಲ್‌ಗೆ ಮಾತ್ರ ಅದೇ ಬೂದಿ ಬಣ್ಣ. ಕೊಳೆ ಕಾಣಲ್ಲ, ಕಣ್ಣಿಗೂ ತಂಪು. ಅದನ್ನ ನೋಡೇ ಮನೆ ಮಾರಾಟ ಆಗುತ್ತೆ." ಅಪ್ಪಾ, ಅಡ್ಡಗೋಡೆಯ ಮೇಲೆ ದೀಪ ಇಟ್ಟಂತೆ ಮಾತಾಡಲು ನನಗೆ ಬರುವುದಿಲ್ಲ, ನೇರವಾಗಿ ಬರೆಯುತ್ತೇನೆ. ಆ ಹಾಲ್ ಬೂದಿ ಬಣ್ಣದ್ದಲ್ಲ. ಗುಲಾಬಿ. ಮೊದಲಿನಿಂದಲೂ ಗುಲಾಬಿ. ಮನೆ ನೋಡಲು ಬಂದ ಹೆಂಗಸೊಬ್ಬಳು ಬಾಗಿಲಲ್ಲೇ ನಿಂತು ಗಂಡನ ಕಿವಿಯಲ್ಲಿ "ಇದೇನು, ಬ್ಯೂಟಿ ಪಾರ್ಲರಾ?" ಅಂದದ್ದು ನನಗೆ ಕೇಳಿಸಿತು. ಅವರು ಮತ್ತೆ ಬರಲಿಲ್ಲ.

ನಾವು ಈ ಮನೆಗೆ ಬಂದ ಹೊಸತು. ಅಮ್ಮ ತವರಿಗೆ ಹೋಗಿದ್ದಾಗ ನೀವೇ ಕಾರ್ಡು ನೋಡಿ, ನೀವೇ ಆರಿಸಿ, ಅವಳು ಬರುವಷ್ಟರಲ್ಲಿ ಹೊಡೆಸಿ ಮುಗಿಸಿದ್ದಿರಿ. ಅವಳು ಬ್ಯಾಗು ಕೆಳಗಿಡದೆ ನಾಲ್ಕೂ ಗೋಡೆ ನೋಡಿದಳು. ಆಮೇಲೆ ನಿಮ್ಮ ಮುಖ ನೋಡಿದಳು. "ಹೇಗಿದೆ ಬೂದಿ ಬಣ್ಣ?" ಅಂದಿರಿ. "ಗಂಭೀರವಾಗಿದೆ ರೀ" ಅಂದಳು. ನಂತರ ನನ್ನನ್ನೂ ತಂಗಿಯನ್ನೂ ಅಡುಗೆಮನೆಗೆ ಎಳೆದುಕೊಂಡು ಹೋಗಿ, ಹಾಲ್‌ನ ಬಣ್ಣದ ಹೆಸರೆತ್ತಿದರೆ ನೋಡಿ ಎಂದು ಗದರಿಸಿದಳು. ಅಂದಿನಿಂದ ನಮ್ಮ ಬಾಯಿಗೆ ಬೀಗ. ಚಿಕ್ಕಪ್ಪ ಒಮ್ಮೆ "ಏನಣ್ಣಾ, ಗು..." ಎಂದು ಶುರು ಮಾಡಿದ್ದರು, ಅಮ್ಮ ಕಣ್ಣು ಬಿಟ್ಟ ರೀತಿಗೆ ಗುಟುಕು ನೀರು ಕೇಳಿ ಕುಡಿದರು. ಕೂದಲೆಳೆಯಷ್ಟು ಸಣ್ಣ ಸ್ಪ್ರಿಂಗು ಕಾಣುವ ನಿಮ್ಮ ಕಣ್ಣಿಗೆ ಗುಲಾಬಿಗೂ ಬೂದಿಗೂ ವ್ಯತ್ಯಾಸ ಕಾಣದು ಎಂದು ಯಾರ ಬಾಯಿಂದಲೂ ನೀವು ಕೇಳಬಾರದು, ಅಷ್ಟೇ ಅವಳ ಹಟ. ಮತ್ತೆ ಬಣ್ಣ ಹೊಡೆಸಿದಾಗ ಸದ್ದಿಲ್ಲದೆ ನಿಜವಾದ ಬೂದಿ ಹಾಕಿಸಬಹುದಿತ್ತು. ಅವಳಿಗೆ ಹೊಳೆಯದೆ ಇರುತ್ತದೆಯೇ? ನೀವು ಆರಿಸಿದ್ದನ್ನು ಬದಲಾಯಿಸಲು ಮನಸ್ಸು ಬಂದಿರಲಿಕ್ಕಿಲ್ಲ. ಅವಳು ನಿಮ್ಮನ್ನು ಅಷ್ಟು ಪ್ರೀತಿಸುತ್ತಿದ್ದಳು.

ಆ ಕೆಲಸ ಈಗ ನಾನು ಮಾಡಿದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ ತಿಳಿ ಬೂದಿ ಬಣ್ಣವನ್ನೇ ತರಿಸಿದೆ. ಮೂರು ಗೋಡೆ ಮುಗಿದಿದೆ, ಕಿಟಕಿಯ ಗೋಡೆ ನಾಳೆ. ನೀವು ಹೇಳಿದ್ದು ನಿಜ ಅಪ್ಪಾ, ಕಣ್ಣಿಗೆ ತಂಪಾಗಿದೆ. ಬ್ರೋಕರ್ ಕೂಡ ಒಪ್ಪಿದ. ನಿಮಗೆ ಏನೂ ಹೇಳದೆ ಇರೋಣ, ನೀವು ಬಂದು ನೋಡಿ ಬೆನ್ನು ತಟ್ಟಿದರೆ ತಟ್ಟಿಸಿಕೊಳ್ಳೋಣ ಎಂದುಕೊಂಡಿದ್ದೆ. ನಿನ್ನೆ ಸಂಜೆಯವರೆಗೂ ಅದೇ ಯೋಚನೆ. ಈ ಕಾಗದ ಓದಿ ನಿಮಗೆ ನೋವಾಗುತ್ತದೆ, ಅದು ಗೊತ್ತಿದ್ದೂ, ಫೋನಿನಲ್ಲಿ ಹೇಳಲು ಬಾಯಿ ಬಾರದೆ ಬರೆಯುತ್ತಿದ್ದೇನೆ. ಅಮ್ಮ ಇದ್ದಿದ್ದರೆ ಇದನ್ನು ಹರಿದು ಒಲೆಗೆ ಹಾಕುತ್ತಿದ್ದಳು.

ಮಾತ್ರೆ ತಪ್ಪಿಸಬೇಡಿ. ತಂಗಿಗೆ, ಅವಳ ಮನೆಯವರಿಗೆ ನನ್ನ ನೆನಪು ತಿಳಿಸಿ. ನಿಮ್ಮ ದೊಡ್ಡ ಅಳಿಯನೂ ಮೊಮ್ಮಗನೂ ನಮಸ್ಕಾರ ಹೇಳಿದ್ದಾರೆ. ನಿಮ್ಮ ಆಶೀರ್ವಾದ ನಮ್ಮ ಮೇಲಿರಲಿ. ಬೈದಾದರೂ ಸರಿ, ಉತ್ತರ ಬರೆಯಿರಿ.

ನಿಮ್ಮ
ದೊಡ್ಡ ಮಗಳು

ತಾ.ಕ.: ಅಸಲು ವಿಷಯವನ್ನೇ ಬರೆಯಲು ಕೈ ಬರುತ್ತಿಲ್ಲ. ನಿನ್ನೆ ಸಂಜೆ ಪೇಂಟರ್ ಹೋದ ಮೇಲೆ ನಿಮ್ಮ ಮೊಮ್ಮಗ ಬಂದ. ಹೊಸ ಬೂದಿ ಗೋಡೆಯನ್ನೂ, ಪಕ್ಕದ ಹಳೆಯ ಗುಲಾಬಿ ಗೋಡೆಯನ್ನೂ ನೋಡಿ, "ಅದೇ ಬಣ್ಣಾನ ಮತ್ತೆ ಯಾಕಮ್ಮಾ ಹೊಡೆಸ್ತಿದ್ದೀಯ?" ಅಂದ. ತಮಾಷೆ ಎಂದುಕೊಂಡೆ. ಕಾರ್ಡು ಹಿಡಿದು ಒಂದೊಂದೇ ಕೇಳಿದೆ, ತಮಾಷೆಯಲ್ಲ. ಈ ಬಣ್ಣಗುರುಡು ತಾತನಿಂದ ಮಗಳ ಮೂಲಕ ಮೊಮ್ಮಗನಿಗೆ ಬರುತ್ತದಂತೆ. ಮುಂದಿನ ವಾರ ಅವನು ವೈರಿಂಗ್ ಕೆಲಸಕ್ಕೆ ಸೇರುತ್ತಿದ್ದಾನೆ ಅಪ್ಪಾ. ಅಲ್ಲಿ ಕೆಂಪು ವೈರು, ಹಸಿರು ವೈರು. ಡಾಕ್ಟರಿಗೆ ತೋರಿಸೋಣ ಅಂದರೆ "ನನ್ನ ಕಣ್ಣಿಗೇನಾಗಿದೆ" ಎಂದು ಎದ್ದು ಹೋದ, ಥೇಟ್ ನೀವೇ. ನಿಮ್ಮ ಮಾತಾದರೆ ಕೇಳುತ್ತಾನೆ. ಅಮ್ಮ ಬಾಯಿ ಮುಚ್ಚಿಕೊಂಡು ನಿಮ್ಮನ್ನು ಕಾಪಾಡಿದಳು, ಇವನನ್ನು ಹಾಗೆ ಕಾಪಾಡಲು ನನ್ನಿಂದ ಆಗದು. ನನ್ನ ಮೇಲಿನ ಕೋಪ ಆಮೇಲೆ ತೀರಿಸಿಕೊಳ್ಳಿ, ಮೊದಲು ಅವನಿಗೊಂದು ಫೋನ್ ಮಾಡಿ.